ಪಬ್ಲಿಕ್ ಪ್ರೋಗ್ರಾಮ್‌ಗಳಲ್ಲಿ ಬಳಸಿ ಬಿಸಾಡೋ ಪ್ಲಾಸ್ಟಿಕ್ ಕಡಿಮೆ ಮಾಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗೀತ ಕಾರ್ಯಕ್ರಮ, ಸಮ್ಮೇಳನ, ಮ್ಯಾರಥಾನ್, ಮೇಳ, ಸಭೆ ಯಾವುದೇ ಇರ್ಲಿ, ಮುಗಿದ ಮೇಲೆ ಗ್ರೌಂಡ್ ತುಂಬಾ ಬಾಟಲಿ, ಕಪ್ಪು, ಕವರ್ರು. ಇದನ್ನ ಕಡಿಮೆ ಮಾಡ್ಬೇಕು ಅಂತ ಮನಸ್ಸಿರೋ ಆರ್ಗನೈಸರ್‌ಗಳು, ವಾಲಂಟಿಯರ್‌ಗಳು ಕೇಳೋ ಪ್ರಶ್ನೆಗಳನ್ನ ಒಂದು ಕಡೆ ಸೇರಿಸಿ ಉತ್ತರ ಬರೆದಿದೀನಿ. ಎಲ್ಲಾ ಉತ್ತರಗಳ ಹಿಂದೆ ಇರೋ ಮಾತು ಒಂದೇ, ಎಷ್ಟು ಕಸ ಬೀಳತ್ತೆ ಅನ್ನೋದು ಸಾಮಾನಿಗೆ ಆರ್ಡರ್ ಕೊಡೋ ದಿನಾನೇ ತೀರ್ಮಾನ ಆಗಿರತ್ತೆ, ಆಮೇಲೆ ಎಷ್ಟು ಡಸ್ಟ್‌ಬಿನ್ ಇಟ್ರೂ ಅದನ್ನ ಅಲ್ಲಿಂದ ಇಲ್ಲಿಗೆ ಸಾಗಿಸಬಹುದು ಅಷ್ಟೇ.

ಪ್ರಶ್ನೆ: ಬಳಸಿ ಬಿಸಾಡೋ ಪ್ಲಾಸ್ಟಿಕ್ ಅಂದ್ರೆ ಯಾವುದೆಲ್ಲಾ ಬರತ್ತೆ?

ಒಂದು ಸಲ ಬಳಸಿ ಎಸೆಯೋಕೆ ಅಂತಾನೇ ಮಾಡಿರೋದು. ನೀರಿನ ಬಾಟಲಿ, ಲೋಟ, ತಟ್ಟೆ, ಚಮಚ, ಸ್ಟ್ರಾ, ಕಲಕೋ ಕಡ್ಡಿ, ಸಾಸ್ ಪ್ಯಾಕೆಟ್, ಕ್ಯಾರಿ ಬ್ಯಾಗ್ ಇವೆಲ್ಲಾ ಎಲ್ಲರಿಗೂ ಕಾಣತ್ತೆ. ಕಣ್ಣಿಗೆ ಬೀಳದೇ ಇರೋವು ಇನ್ನೂ ಇವೆ, ಬಾಟಲಿಗಳ ಕಟ್ಟಿಗೆ ಸುತ್ತಿರೋ ಶ್ರಿಂಕ್ ಶೀಟ್, ಕೇಬಲ್ ಕಟ್ಟೋ ಟೈ, ಐಡಿ ಕಾರ್ಡ್ ಕವರ್, ಥರ್ಮೋಕೋಲ್ ಅಕ್ಷರಗಳು, ಫ್ಲೆಕ್ಸ್, ಬಾಗಿಲಲ್ಲಿ ಕೈಗೆ ಕಟ್ಟೋ ಬ್ಯಾಂಡ್, ಮೇಲಿಂದ ಉದುರಿಸೋ ಮಿಂಚಿನ ಚೂರು. ಲಿಸ್ಟ್ ಮಾಡುವಾಗ ಊಟದ ಸಾಮಾನು ಮಾತ್ರ ಬರ್ಕೊಂಡು ಸ್ಟೇಜ್ ಮತ್ತೆ ಡೆಕೊರೇಷನ್ ಕಡೆದನ್ನ ಮರೆತುಬಿಡ್ತಾರೆ, ಅದನ್ನೂ ಸೇರಿಸಿ.

ಪ್ರಶ್ನೆ: ಎಲ್ಲಾನೂ ಚೆನ್ನಾಗಿ ಕಲೆಕ್ಟ್ ಮಾಡಿ ರೀಸೈಕಲ್‌ಗೆ ಕಳಿಸಿದ್ರೆ ಸಾಕಲ್ವಾ?

ಸಾಕಾಗಲ್ಲ. 2017ರಲ್ಲಿ ಬಂದ ಒಂದು ದೊಡ್ಡ ಲೆಕ್ಕದ ಪ್ರಕಾರ 2015ರ ತನಕ ಜಗತ್ತಲ್ಲಿ ಹುಟ್ಟಿದ ಪ್ಲಾಸ್ಟಿಕ್ ಕಸ ಸುಮಾರು 630 ಕೋಟಿ ಟನ್, ಅದ್ರಲ್ಲಿ ರೀಸೈಕಲ್ ಆಗಿದ್ದು ಹತ್ತಿರ ಹತ್ತಿರ 9%, ಸುಟ್ಟಿದ್ದು 12%, ಉಳಿದಿದ್ದು ಡಂಪ್ ಯಾರ್ಡ್‌ಗೋ ಮಣ್ಣು ನೀರಿಗೋ ಸೇರಿದೆ. ಪ್ರೋಗ್ರಾಮ್‌ಗಳಲ್ಲಿ ಬೀಳೋ ಕಸ ಅಂತೂ ಇನ್ನೂ ಕಷ್ಟದ್ದು, ಯಾಕಂದ್ರೆ ತಿಂಡಿಯ ಎಣ್ಣೆ ಅಂಟಿರತ್ತೆ, ಅರ್ಧ ಜ್ಯೂಸ್ ಒಳಗೇ ಇರತ್ತೆ, ನಾಲ್ಕೈದು ತರದ ಪ್ಲಾಸ್ಟಿಕ್ ಒಂದೇ ಚೀಲದಲ್ಲಿ ಕಲೆತಿರತ್ತೆ. ನೀರಿನ ಬಾಟಲಿ ಪೆಟ್ ಅನ್ನೋ ಪ್ಲಾಸ್ಟಿಕ್, ಅದ್ರ ಮುಚ್ಚಳ ಬೇರೆ ಜಾತಿ, ಚಮಚ ಪಾಲಿಸ್ಟೈರೀನ್ ಇರಬಹುದು, ಚಿಪ್ಸ್ ಪ್ಯಾಕೆಟ್‌ನಲ್ಲಿ ಎರಡು ಮೂರು ಪದರ ಅಂಟಿಸಿರ್ತಾರೆ, ಅದನ್ನ ಬಿಡಿಸೋಕೇ ಆಗಲ್ಲ. ಕಪ್ಪು ಬಣ್ಣದ ಟ್ರೇಗಳದ್ದು ಬೇರೆ ತಾಪತ್ರಯ, ಅದ್ರಲ್ಲಿರೋ ಕಾರ್ಬನ್ ಬಣ್ಣದಿಂದ ವಿಂಗಡಿಸೋ ಮೆಷಿನ್‌ನ ಸೆನ್ಸರ್‌ಗೆ ಅದು ಯಾವ ಪ್ಲಾಸ್ಟಿಕ್ ಅಂತಾನೇ ಗೊತ್ತಾಗಲ್ಲ. ಕ್ಲೀನಾಗಿ ಬೇರ್ಪಡಿಸಿದ ಪೆಟ್ ಬಾಟಲಿಗೆ ಬೇಡಿಕೆ ಇದೆ, ಅದನ್ನ ಖಂಡಿತ ಕಳಿಸಿ. ಆದ್ರೆ ಮೊದಲ ಕೆಲಸ ಬರೋದನ್ನೇ ಕಡಿಮೆ ಮಾಡೋದು.

ಪ್ರಶ್ನೆ: ಎಲ್ಲಿಂದ ಶುರು ಮಾಡ್ಬೇಕು? ಎಲ್ಲಾ ಒಟ್ಟಿಗೆ ಆಗಲ್ಲ.

ಒಂದು ಹಾಳೆ ತಗೊಂಡು ಹೋದ ಸಲ ಏನೇನು ಎಷ್ಟೆಷ್ಟು ತರಿಸಿದ್ರಿ ಅಂತ ಬಿಲ್ ನೋಡಿ ಬರೀರಿ, ಆ ಹಾಳೆನೇ ನಿಮ್ಮ ಕಸದ ಲೆಕ್ಕ. ಪಕ್ಕದಲ್ಲಿ ಮೂರು ಪ್ರಶ್ನೆ ಹಾಕ್ಕೊಳಿ. ಇದು ಬೇಕೇ ಬೇಕಾ? ಬೇಕು ಅಂದ್ರೆ ತೊಳೆದು ವಾಪಸ್ ಬಳಸೋ ತರದ್ದು ಸಿಗತ್ತಾ? ಅದೂ ಆಗಲ್ಲ ಅಂದ್ರೆ ಬೇರೆ ವಸ್ತುಂದು ಇದೆಯಾ? ಈ ಕ್ರಮದಲ್ಲೇ ಕೇಳ್ಬೇಕು. ಬಹಳ ಜನ ನೇರ ಮೂರನೇದಕ್ಕೆ ಹೋಗ್ತಾರೆ, ಪ್ಲಾಸ್ಟಿಕ್ ಚಮಚದ ಬದಲು ಮರದ ಚಮಚ ಅಂತ, ಆದ್ರೆ ಆ ತಿಂಡಿಗೆ ಚಮಚಾನೇ ಬೇಕಿರಲ್ಲ. ಸ್ಟ್ರಾ, ಮುಚ್ಚಳ, ಕಲಕೋ ಕಡ್ಡಿ, ಎರಡೆರಡು ಕವರ್ ಇವೆಲ್ಲಾ ಮೊದಲ ಪ್ರಶ್ನೆಯಲ್ಲೇ ಬಿದ್ದು ಹೋಗತ್ತೆ, ಒಂದು ಪೈಸೆ ಖರ್ಚಿಲ್ಲದೆ.

ಆಮೇಲೆ ಅತಿ ಹೆಚ್ಚು ಸಂಖ್ಯೆಯಲ್ಲಿರೋ ಎರಡು ಐಟಂ ಹಿಡ್ಕೊಳಿ. ಸಾಮಾನ್ಯವಾಗಿ ಅದು ನೀರಿನ ಬಾಟಲಿ ಮತ್ತೆ ಕಪ್ಪೇ ಆಗಿರತ್ತೆ.

ಪ್ರಶ್ನೆ: ನೀರಿನ ಬಾಟಲಿ ಇಲ್ಲದೆ ಸಾವಿರಾರು ಜನಕ್ಕೆ ನೀರು ಕೊಡೋದು ಸಾಧ್ಯನಾ?

ಸಾಧ್ಯ ಇದೆ, ಮಾಡಿ ತೋರ್ಸಿದಾರೆ. ಇಂಗ್ಲೆಂಡ್‌ನ ಗ್ಲಾಸ್ಟನ್‌ಬರಿ ಸಂಗೀತ ಹಬ್ಬದಲ್ಲಿ 2017ರಲ್ಲಿ ಹತ್ತು ಲಕ್ಷಕ್ಕಿಂತ ಜಾಸ್ತಿ ಪ್ಲಾಸ್ಟಿಕ್ ಬಾಟಲಿ ಖರ್ಚಾಗಿತ್ತು, 2019ರಲ್ಲಿ ಅಲ್ಲಿ ಬಾಟಲಿ ನೀರು ಮಾರೋದನ್ನೇ ನಿಲ್ಲಿಸಿ ನಲ್ಲಿಗಳನ್ನ ಹೆಚ್ಚಿಸಿದ್ರು. ಲಕ್ಷಾಂತರ ಜನ ಸೇರೋ ಜಾಗದಲ್ಲಿ ಆಗತ್ತೆ ಅಂದ್ರೆ ಎರಡು ಸಾವಿರ ಜನಕ್ಕೆ ಯಾಕಾಗಲ್ಲ?

ಆದ್ರೆ ಲೆಕ್ಕ ಸರಿ ಹಾಕ್ಬೇಕು, ಎಡವೋದೇ ಇಲ್ಲಿ. 2000 ಜನ, ನಾಲ್ಕು ಗಂಟೆ ಪ್ರೋಗ್ರಾಮ್, ತಲೆಗೆ ಮುಕ್ಕಾಲು ಲೀಟರ್ ಅಂದ್ರೆ 1500 ಲೀಟರ್. ಅದನ್ನ ಅರ್ಧ ಲೀಟರ್ ಬಾಟಲಿಯಲ್ಲಿ ಕೊಟ್ರೆ 3000 ಬಾಟಲಿ, 20 ಲೀಟರ್ ಕ್ಯಾನ್‌ನಲ್ಲಿ ಕೊಟ್ರೆ 75 ಕ್ಯಾನ್, ಅವೂ ವಾಪಸ್ ಹೋಗತ್ತೆ. ಬಿಸಿಲಲ್ಲಿ ನಡೆಯೋದಾದ್ರೆ ನೀರು ಜಾಸ್ತಿ ಇಟ್ಕೊಳಿ, ಇದ್ರಲ್ಲಿ ಜಿಪುಣತನ ಬೇಡ. ಇನ್ನು ನಲ್ಲಿ ಎಷ್ಟು ಅಂತ ಬಂದ್ರೆ, ಒಬ್ಬರು ಬಂದು ತುಂಬಿಸಿಕೊಂಡು ಪಕ್ಕಕ್ಕೆ ಸರಿಯೋಕೆ 20 ಸೆಕೆಂಡ್ ಹಿಡೀರಿ, ಗಂಟೆಗೆ ಒಂದು ನಲ್ಲಿಗೆ 180 ಜನ ಆಯ್ತು, ಕೇಳೋಕೆ ಸಾಕಷ್ಟು ಅನ್ಸತ್ತೆ. ಆದ್ರೆ ಜನ ಗಂಟೆ ಪೂರ್ತಿ ಹಂಚ್ಕೊಂಡು ಬರಲ್ಲ, ಬ್ರೇಕ್ ಬಿಟ್ಟ ತಕ್ಷಣ ಎಲ್ಲಾ ಒಟ್ಟಿಗೇ ಬರ್ತಾರೆ. 15 ನಿಮಿಷದ ಬ್ರೇಕ್‌ನಲ್ಲಿ ಒಂದು ನಲ್ಲಿ ನೋಡ್ಕೊಳೋದು 45 ಜನಾನ ಮಾತ್ರ, ಆಗ 600 ಜನ ಬಂದ್ರೆ 14 ನಲ್ಲಿ ಬೇಕು. ನಾಲ್ಕು ನಲ್ಲಿ ಇಟ್ಟು ಜನ ಬೈದ್ರು ಅಂತ ಮುಂದಿನ ಸಲ ಬಾಟಲಿಗೆ ವಾಪಸ್ ಹೋಗೋದು ತುಂಬಾ ಬೇಜಾರಿನ ವಿಷಯ, ತಪ್ಪು ಐಡಿಯಾದಲ್ಲಿ ಇರಲ್ಲ, ನಲ್ಲಿ ಸಂಖ್ಯೆಯಲ್ಲಿರತ್ತೆ.

ನೀರು ಎಲ್ಲಿಂದ ಬಂತು, ಯಾವಾಗ ಟೆಸ್ಟ್ ಆಗಿದೆ ಅಂತ ನಲ್ಲಿ ಹತ್ರಾನೇ ಬೋರ್ಡ್ ಹಾಕಿ, ಟ್ಯಾಂಕ್‌ಗೆ ಮುಚ್ಚಳ ಇರ್ಲಿ, ನಲ್ಲಿ ಕೆಳಗೆ ಕೆಸರಾಗದ ಹಾಗೆ ನೋಡ್ಕೊಳಿ, ಯಾಕಂದ್ರೆ ಗಲೀಜು ಕಂಡ್ರೆ ನೀರು ಎಷ್ಟೇ ಚೆನ್ನಾಗಿದ್ರೂ ಜನ ಕುಡಿಯಲ್ಲ. ಮತ್ತೆ ಗೇಟ್‌ನಲ್ಲಿರೋ ಸೆಕ್ಯೂರಿಟಿಯವರಿಗೆ ಮೊದಲೇ ಹೇಳಿಡಿ! ಬಾಟಲಿ ತನ್ನಿ ಅಂತ ಪೋಸ್ಟರ್‌ನಲ್ಲಿ ಹಾಕಿ ಗೇಟ್‌ನಲ್ಲಿ ಕಿತ್ತಿಟ್ಕೊಂಡ್ರೆ ಎಲ್ಲಾ ಹಾಳು. ಸೇಫ್ಟಿ ಭಯ ಇದ್ರೆ ಖಾಲಿ ಬಾಟಲಿ ಒಳಗೆ ಬಿಡಿ, ಒಳಗೆ ತುಂಬಿಸ್ಕೊಳ್ಲಿ.

ಪ್ರಶ್ನೆ: ಪೇಪರ್ ಕಪ್ ಆದ್ರೆ ಓಕೆ ತಾನೇ?

ಅದ್ರ ಒಳಗೂ ಪ್ಲಾಸ್ಟಿಕ್ ಇದೆ. ಬಿಸಿ ನೀರು ಹಾಕಿದ್ರೆ ಕಾಗದ ನೆನೆದು ಮೆತ್ತಗಾಗ್ಬೇಕಿತ್ತು, ಆಗಲ್ಲ ಅಂದ್ರೆ ಒಳಗಡೆ ಪಾಲಿಎಥಿಲೀನ್ ಪದರ ಇದೆ ಅಂತ, ತೂಕದಲ್ಲಿ ಸುಮಾರು 5% ಇರಬಹುದು. ಆ ಪದರ ಬೇರ್ಪಡಿಸೋ ವ್ಯವಸ್ಥೆ ಇರೋ ಕಾಗದದ ಮಿಲ್‌ಗಳು ಕಡಿಮೆ, ಹಾಗಾಗಿ ಪೇಪರ್ ಅಂತ ಬಿನ್‌ಗೆ ಹಾಕಿದ್ದು ಕೊನೆಗೆ ಡಂಪ್‌ಗೇ ಹೋಗತ್ತೆ.

ಪ್ರಶ್ನೆ: ಹಾಗಾದ್ರೆ ಬಯೋಡಿಗ್ರೇಡೆಬಲ್, ಕಾಂಪೋಸ್ಟೆಬಲ್ ಅಂತ ಬರೆದಿರೋವು?

ಎರಡೂ ಒಂದೇ ಅಲ್ಲ, ಮೊದಲನೇದು ಜೀವಾಣುಗಳಿಂದ ಕೊಳೆಯೋದು, ಎರಡನೇದು ಗೊಬ್ಬರ ಆಗೋದು. ಬಯೋಡಿಗ್ರೇಡೆಬಲ್ ಅನ್ನೋ ಮಾತಿಗೆ ಎಷ್ಟು ದಿನದಲ್ಲಿ, ಎಲ್ಲಿ, ಯಾವ ಬಿಸಿಯಲ್ಲಿ ಅನ್ನೋ ಉತ್ತರ ಇಲ್ಲ ಅಂದ್ರೆ ಆ ಮಾತಿಗೆ ಬೆಲೆ ಇಲ್ಲ. ಕಾಂಪೋಸ್ಟೆಬಲ್‌ಗೆ ಯುರೋಪಿನ ಇಎನ್ 13432, ಅಮೆರಿಕದ ಎಎಸ್‌ಟಿಎಂ ಡಿ6400 ಅಂತ ಸ್ಟ್ಯಾಂಡರ್ಡ್‌ಗಳಿವೆ, ಆದ್ರೆ ಅವು ಹೇಳೋದು ದೊಡ್ಡ ಇಂಡಸ್ಟ್ರಿಯಲ್ ಕಾಂಪೋಸ್ಟ್ ಘಟಕದ ಬಗ್ಗೆ. ಅಲ್ಲಿ 58–60 ಡಿಗ್ರಿ ಬಿಸಿ, ತೇವ, ಗಾಳಿ ಎಲ್ಲಾ ವಾರಗಟ್ಟಲೆ ಹದವಾಗಿ ಇಟ್ಟಿರ್ತಾರೆ. ಪಿಎಲ್ಎ (ಜೋಳದಂಥ ಗಿಡಗಳಿಂದ ಮಾಡೋ ಪ್ಲಾಸ್ಟಿಕ್) ಕಪ್ ತಗೊಂಡು ಮನೆ ಗೊಬ್ಬರದ ಗುಂಡಿಗೋ ಕೆರೆಗೋ ಹಾಕಿದ್ರೆ ಅದು ಮಾಮೂಲಿ ಪ್ಲಾಸ್ಟಿಕ್ ತರಾನೇ ಬಹಳ ಕಾಲ ಬಿದ್ದಿರತ್ತೆ. ನೋಡೋಕೂ ಪೆಟ್ ತರಾನೇ ಇರೋದ್ರಿಂದ ರೀಸೈಕಲ್ ಚೀಲಕ್ಕೆ ಸೇರ್ಕೊಂಡು ಅದನ್ನೂ ಕೆಡಿಸತ್ತೆ. ನಿಮ್ಮ ಕಸ ಹೋಗೋ ಜಾಗದಲ್ಲಿ ಅಂಥ ಘಟಕ ಇದೆಯಾ, ಅವರು ಈ ಕಪ್ ತಗೊಳ್ತಾರಾ ಅಂತ ಫೋನ್ ಮಾಡಿ ಕೇಳಿ, ಹೌದು ಅಂದ್ರೆ ಮಾತ್ರ ತಗೊಳಿ.

ಆಕ್ಸೋ ಡಿಗ್ರೇಡೆಬಲ್ ಅಂತ ಇನ್ನೊಂದಿದೆ, ಬೇಗ ಒಡೆಯೋ ಹಾಗೆ ಕೆಮಿಕಲ್ ಸೇರಿಸಿದ ಮಾಮೂಲಿ ಪ್ಲಾಸ್ಟಿಕ್, ಅದು ಬೇಡವೇ ಬೇಡ. ಚೂರು ಚೂರಾಗತ್ತೆ ಅಷ್ಟೇ, ಯುರೋಪಿಯನ್ ಯೂನಿಯನ್ ಅದನ್ನ ಬ್ಯಾನ್ ಮಾಡಿದೆ. ಎಲೆಯಿಂದ ಮಾಡಿದ, ಪ್ಲಾಸ್ಟಿಕ್ ಪದರ ಇಲ್ಲದ ತಟ್ಟೆ ಪರವಾಗಿಲ್ಲ, ಹಸಿ ಕಸದ ಜೊತೆ ಹೋಗತ್ತೆ. ಕಬ್ಬಿನ ಸಿಪ್ಪೆಯ ತಟ್ಟೆ ತಗೊಳುವಾಗ ಎಣ್ಣೆ ಹೀರದ ಹಾಗೆ ಪಿಎಫ್ಎಎಸ್ ಅನ್ನೋ ಕೆಮಿಕಲ್ ಹಾಕಿದಾರಾ ಅಂತ ಕೇಳಿ, ಅದು ಮಣ್ಣಿಗೆ ಸೇರಿದ್ರೆ ಕರಗಲ್ಲ.

ಪ್ರಶ್ನೆ: ಡೆಪಾಸಿಟ್ ಇಟ್ಟು ಲೋಟ ಕೊಡೋದು ಅಂತಾರಲ್ಲ, ಅದು ಹೇಗೆ ನಡೆಯತ್ತೆ?

ನನಗೆ ಎಲ್ಲಕ್ಕಿಂತ ನಂಬಿಕೆ ಇರೋದು ಇದ್ರ ಮೇಲೆ. ಮೊದಲ ಸಲ ಡ್ರಿಂಕ್ ತಗೊಳುವಾಗ ಗಟ್ಟಿ ಲೋಟಕ್ಕೆ ಅಂತ ಸ್ವಲ್ಪ ದುಡ್ಡು ಜಾಸ್ತಿ ತಗೊಳ್ತಾರೆ, ಎರಡನೇ ಸಲ ಹಳೇ ಲೋಟ ಕೊಟ್ರೆ ತೊಳೆದ ಲೋಟ ಸಿಗತ್ತೆ, ಹೊರಡುವಾಗ ಲೋಟ ಕೊಟ್ಟು ದುಡ್ಡು ವಾಪಸ್. ನೆಲದ ಮೇಲೆ ಬಿದ್ದ ಲೋಟಾನೂ ಯಾರಾದ್ರೂ ಎತ್ಕೊಂಡು ಬಂದುಬಿಡ್ತಾರೆ, ಯಾಕಂದ್ರೆ ಅದಕ್ಕೆ ಬೆಲೆ ಇದೆ.

ಇದ್ರಲ್ಲಿ ಎಲ್ಲಾ ನಿಂತಿರೋದು ವಾಪಸ್ ಬರೋ ಪ್ರಮಾಣದ ಮೇಲೆ. ನೂರಕ್ಕೆ 80 ಲೋಟ ವಾಪಸ್ ಬಂದ್ರೆ ಚೆನ್ನಾಗೇ ಆಯ್ತಲ್ಲ ಅನ್ಸತ್ತೆ, ಆದ್ರೆ ಲೆಕ್ಕ ಹಾಕಿ ನೋಡಿ, ಪ್ರತಿ ಸಲ 20 ಕಳೆದ್ರೆ ಒಂದು ಲೋಟ ಸರಾಸರಿ 5 ಸಲ ಮಾತ್ರ ಬಳಕೆ ಆಗತ್ತೆ. 90 ಬಂದ್ರೆ 10 ಸಲ, 95 ಬಂದ್ರೆ 20 ಸಲ. ಗಟ್ಟಿ ಲೋಟದಲ್ಲಿ ಬಿಸಾಡೋ ಕಪ್‌ಗಿಂತ ಹಲವು ಪಟ್ಟು ಪ್ಲಾಸ್ಟಿಕ್ ಇರತ್ತೆ, ಹಾಗಾಗಿ ಐದೇ ಸಲ ಬಳಸಿ ಕಳೆದು ಹೋದ್ರೆ ಲಾಭಾನೇ ಇಲ್ಲದೆ ಹೋಗಬಹುದು, 20 ಸಲ ಅಂದ್ರೆ ಗೆದ್ದ ಹಾಗೆ. ಅದಕ್ಕೇ ಲೋಟದ ಮೇಲೆ ತಾರೀಕು, ಚೆಂದದ ಚಿತ್ರ ಪ್ರಿಂಟ್ ಹಾಕ್ಬೇಡಿ, ನೆನಪಿಗೆ ಅಂತ ಮನೆಗೆ ತಗೊಂಡು ಹೋಗ್ತಾರೆ. ಏನೂ ಬರೆಯದ ಸಾದಾ ಲೋಟ ಬೇರೆ ಪ್ರೋಗ್ರಾಮ್‌ಗೂ ಆಗತ್ತೆ.

ಡೆಪಾಸಿಟ್ ತೀರಾ ಕಡಿಮೆ ಇಟ್ರೆ ಜನ ವಾಪಸ್ ಕೊಡೋಕೆ ಬರಲ್ಲ, ತೀರಾ ಜಾಸ್ತಿ ಇಟ್ರೆ ತಗೊಳೋಕೇ ಹಿಂಜರೀತಾರೆ, ಹೊಸ ಲೋಟದ ಬೆಲೆಯ ಆಸುಪಾಸು ಇಟ್ಟು ನೋಡಿ. ಮತ್ತೆ ರಿಟರ್ನ್ ಕೌಂಟರ್ ಹೊರಗೆ ಹೋಗೋ ದಾರಿಯಲ್ಲೇ ಇರ್ಬೇಕು, ಒಂದಲ್ಲ ಮೂರ್ನಾಲ್ಕು. ಕೊನೆ ಹತ್ತು ನಿಮಿಷದಲ್ಲಿ ಎಲ್ಲಾ ಒಟ್ಟಿಗೆ ಬರ್ತಾರೆ, ಚಿಲ್ಲರೆ ಇಲ್ಲ ಅಂತ ನಿಲ್ಲಿಸಿದ್ರೆ ಲೋಟ ಅಲ್ಲೇ ಇಟ್ಟು ಹೋಗ್ತಾರೆ.

ಪ್ರಶ್ನೆ: ತೊಳೆಯೋಕೆ ನೀರು ದಂಡ ಅಲ್ವಾ? ಹೈಜೀನ್ ಕಥೆ ಏನು?

ತೊಳೆಯೋಕೆ ನೀರು ಬೇಕು ನಿಜ, ಆದ್ರೆ ಪ್ಲಾಸ್ಟಿಕ್ಕೂ ಕಾಗದಾನೂ ನೀರಿಲ್ಲದೆ ತಯಾರಾಗಲ್ಲ, ಫ್ಯಾಕ್ಟರಿಯಲ್ಲಿ ಖರ್ಚಾಗೋ ನೀರು ನಮಗೆ ಕಾಣಲ್ಲ ಅಷ್ಟೇ. ಹರಿಯೋ ನಲ್ಲಿ ಕೆಳಗೆ ಒಂದೊಂದೇ ತೊಳೆಯೋದು ಬಿಟ್ಟು ಮೂರು ತೊಟ್ಟಿ ಇಟ್ಕೊಂಡ್ರೆ ನೀರು ಬಹಳ ಉಳಿಯತ್ತೆ. ಮೊದಲನೇದ್ರಲ್ಲಿ ಸೋಪು ನೀರು, ಎರಡನೇದ್ರಲ್ಲಿ ಶುದ್ಧ ನೀರು, ಮೂರನೇದ್ರಲ್ಲಿ ಸ್ಯಾನಿಟೈಸ್. ಕ್ಲೋರಿನ್ ಆದ್ರೆ 50ರಿಂದ 100 ಪಿಪಿಎಂ (ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ), ಎಷ್ಟು ಹೊತ್ತು ಅಂತ ಪ್ಯಾಕ್ ಮೇಲೆ ಬರೆದಿರ್ತಾರೆ. ಬಾಡಿಗೆಗೆ ಡಿಶ್‌ವಾಶರ್ ಸಿಕ್ರೆ ಇನ್ನೂ ಒಳ್ಳೇದು, ದೊಡ್ಡ ಮೆಷಿನ್‌ಗಳು ಕೊನೇ ಸಲ 82 ಡಿಗ್ರಿ ಬಿಸಿನೀರಲ್ಲಿ ಜಾಲಿಸ್ತವೆ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸ್ಬೇಡಿ, ಬಟ್ಟೆಯಿಂದಾನೇ ಮತ್ತೆ ಅಂಟೋದು, ಜಾಲರಿ ಮೇಲೆ ಬೋರಲು ಹಾಕಿ ಗಾಳಿಗೆ ಆರಲಿ. ತೊಳೆದಿದ್ದು ಮತ್ತೆ ತೊಳೆಯಬೇಕಾಗಿದ್ದು ಎದುರು ಬದುರು ಓಡಾಡದ ಹಾಗೆ ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ.

ಆಗಾಗ ಒಂದು ಮಾತು ಬರತ್ತೆ, ಬಿಸಾಡೋ ಕಪ್ಪೇ ಶುದ್ಧ ಅಂತ. ಧೂಳಲ್ಲಿ ಬಿಚ್ಚಿಟ್ಟ ಕಪ್ಪಿನ ಕಟ್ಟು, ಯಾರ್ಯಾರೋ ಅಂಚು ಮುಟ್ಟಿ ಬಿಡಿಸಿ ಕೊಟ್ಟ ಕಪ್ಪು ಹೇಗೆ ಶುದ್ಧ ಆಗತ್ತೆ?

ಪ್ರಶ್ನೆ: ನಾವು ಒಪ್ಪಿದ್ರೂ ಸ್ಟಾಲ್‌ನವರು ಒಪ್ಪಲ್ವಲ್ಲ?

ಪ್ರೋಗ್ರಾಮ್ ದಿನ ಹೋಗಿ ಹೇಳಿದ್ರೆ ಯಾರೂ ಒಪ್ಪಲ್ಲ, ಅವರು ಆಗ್ಲೇ ಸಾಮಾನು ತಂದಿರ್ತಾರೆ, ದುಡ್ಡು ಹಾಕಿರ್ತಾರೆ, ಅವರ ಸಿಟ್ಟಲ್ಲೂ ನ್ಯಾಯ ಇದೆ. ಸ್ಟಾಲ್ ಬುಕ್ ಮಾಡೋ ಫಾರ್ಮ್‌ನಲ್ಲೇ ಯಾವುದು ತರೋ ಹಾಗಿಲ್ಲ ಅಂತ ಹೆಸರು ಹಿಡಿದು ಬರೀರಿ, ಪರಿಸರ ಸ್ನೇಹಿ ಸಾಮಗ್ರಿ ಬಳಸಿ ಅಂತ ಬರೆದ್ರೆ ಅವರವರಿಗೆ ತೋಚಿದ ಅರ್ಥ ಮಾಡ್ಕೊಳ್ತಾರೆ. ಅದಕ್ಕಿಂತ ಒಳ್ಳೇ ದಾರಿ ಅಂದ್ರೆ ತಟ್ಟೆ ಲೋಟ ಆರ್ಗನೈಸರ್‌ಗಳೇ ಎಲ್ಲಾ ಸ್ಟಾಲ್‌ಗೂ ಒಂದೇ ತರದ್ದು ಸಪ್ಲೈ ಮಾಡೋದು, ಆಗ ವಿಂಗಡಣೆನೂ ಸುಲಭ. ಸಾಸ್, ಸಕ್ಕರೆ ಸಣ್ಣ ಪ್ಯಾಕೆಟ್ ಬದಲು ಪಂಪ್ ಇರೋ ಡಬ್ಬಿ. ಸಣ್ಣ ವ್ಯಾಪಾರಿಗಳ ಮೇಲೆ ಮಾತ್ರ ದಂಡ ಹಾಕಿ ದೊಡ್ಡ ಸ್ಪಾನ್ಸರ್ ಹಂಚೋ ಬಾಟಲಿಗೆ ಕಣ್ಣು ಮುಚ್ಕೊಳೋದು ತಪ್ಪು, ರೂಲ್ ಅಂದ್ರೆ ಎಲ್ಲರಿಗೂ ಒಂದೇ.

ಪ್ರಶ್ನೆ: ಬ್ಯಾನರ್, ಡೆಕೊರೇಷನ್, ಗಿಫ್ಟ್ ಕಿಟ್?

ಫ್ಲೆಕ್ಸ್ ಅಂದ್ರೆ ಪಿವಿಸಿ ಹಚ್ಚಿದ ಬಟ್ಟೆ, ರೀಸೈಕಲ್ ಆಗೋದು ತೀರಾ ಕಷ್ಟ. ಬಟ್ಟೆ ಬ್ಯಾನರ್, ಕೈಯಲ್ಲಿ ಬರೆದ ಬೋರ್ಡು, ಸ್ಕ್ರೀನ್ ಇದ್ರೆ ಸ್ಕ್ರೀನು. ವರ್ಷ, ತಾರೀಕು ಹಾಕದೆ ಮಾಡಿಸಿದ್ರೆ ಪ್ರತಿ ವರ್ಷ ಅದನ್ನೇ ಕಟ್ಬಹುದು. ಐಡಿ ಕಾರ್ಡ್ ಟ್ಯಾಗ್ ಹೋಗುವಾಗ ವಾಪಸ್ ತಗೊಳಿ. ಮಿಂಚಿನ ಚೂರು, ಗ್ಲಿಟರ್ ಒಂದು ಸಲ ಗಾಳಿಗೆ ಹಾರಿದ್ರೆ ಯಾರೂ ಆರಿಸೋಕಾಗಲ್ಲ, ಅದು ಬೇಡ. ಬಲೂನ್ ಮೇಲಕ್ಕೆ ಬಿಡೋದೂ ಅಷ್ಟೇ. ಕಿಟ್ ವಿಷ್ಯಕ್ಕೆ ಬಂದ್ರೆ ಎಲ್ಲರ ಮನೆಯಲ್ಲೂ ಬ್ಯಾಗು, ಪೆನ್ನು, ಬಾಟಲಿ ರಾಶಿ ಇದೆ, ಕೇಳಿದೋರಿಗೆ ಮಾತ್ರ ಕೊಡಿ.

ಪ್ರಶ್ನೆ: ಓಟದ ಸ್ಪರ್ಧೆಗಳಲ್ಲಿ ಓಡ್ತಾ ಓಡ್ತಾ ನೀರು ಕೊಡ್ಬೇಕಲ್ಲ, ಅಲ್ಲಿ?

ಇದು ನಿಜಕ್ಕೂ ಕಷ್ಟದ ಜಾಗ, ಓಡೋರ ಆರೋಗ್ಯ ಮೊದಲು. 2019ರ ಲಂಡನ್ ಮ್ಯಾರಥಾನ್‌ನಲ್ಲಿ ಕಡಲಪಾಚಿಯಿಂದ ಮಾಡಿದ, ತಿನ್ನಬಹುದಾದ ಪುಟ್ಟ ಪೊಟ್ಟಣಗಳಲ್ಲಿ ಡ್ರಿಂಕ್ ಹಾಕಿ 30 ಸಾವಿರಕ್ಕೂ ಹೆಚ್ಚು ಹಂಚಿದ್ರು, ಒಳ್ಳೇ ಪ್ರಯೋಗ, ಆದ್ರೆ ಎಲ್ಲಾ ಕಡೆ ಸಿಗಲ್ಲ. ಸಣ್ಣ ಓಟಗಳಿಗೆ ಮಡಚೋ ಮೆತ್ತನೆ ಕಪ್ ತಾವೇ ತರಬೇಕು ಅಂತ ರೂಲ್ ಮಾಡಬಹುದು, ಕಾಡು ಬೆಟ್ಟದ ಓಟಗಳಲ್ಲಿ ಇದು ಮಾಮೂಲು. ದೊಡ್ಡ ಓಟ ಆದ್ರೆ ಪೂರ್ತಿ ಬಾಟಲಿ ಕೈಗೆ ಕೊಡೋದನ್ನ ನಿಲ್ಲಿಸಿ, ಎರಡು ಗುಟುಕು ಕುಡಿದು ಎಸೀತಾರೆ, ನೀರೂ ಹೋಯ್ತು ಬಾಟಲಿನೂ ಹೋಯ್ತು. ಕಪ್ಪಲ್ಲಿ ಅರ್ಧ ಹಾಕಿ ಕೊಡಿ, ನೀರಿನ ಪಾಯಿಂಟ್ ದಾಟಿ ಸ್ವಲ್ಪ ದೂರದ ತನಕ ಇಲ್ಲೇ ಎಸೀರಿ ಅಂತ ದೊಡ್ಡ ಬೋರ್ಡ್ ಹಾಕಿ ಎರಡೂ ಬದಿ ಬಿನ್ ಇಡಿ.

ಪ್ರಶ್ನೆ: ಡಸ್ಟ್‌ಬಿನ್ ಎಷ್ಟು ಇಡ್ಬೇಕು, ಎಲ್ಲಿ?

ಒಂಟಿ ಬಿನ್ ಎಲ್ಲೂ ಇಡ್ಬೇಡಿ. ಹಸಿ, ಒಣ, ಉಳಿದಿದ್ದು ಮೂರೂ ಪಕ್ಕ ಪಕ್ಕ ಇರ್ಬೇಕು, ಇಲ್ಲಾಂದ್ರೆ ಹತ್ತಿರ ಇರೋದಕ್ಕೇ ಎಲ್ಲಾ ಬೀಳತ್ತೆ. ಅವುಗಳ ಮುಂದೆ ಒಂದು ಬಕೆಟ್ ಇಡಿ, ಉಳಿದ ನೀರು ಜ್ಯೂಸ್ ಅದಕ್ಕೆ ಸುರೀಲಿ, ಒಣ ಕಸ ಒಣಗೇ ಉಳಿಯೋದು ಇದೊಂದ್ರಿಂದಾನೇ. ಬೋರ್ಡ್ ಮೇಲೆ ಅಕ್ಷರಕ್ಕಿಂತ ಅವತ್ತು ಅಲ್ಲಿ ಕೊಡ್ತಿರೋ ತಟ್ಟೆ ಲೋಟಾನೇ ಅಂಟಿಸಿ. ಜನ ತಿನ್ನೋ ಜಾಗದಲ್ಲಿ ಒಬ್ಬ ವಾಲಂಟಿಯರ್ ನಿಂತು ಇದು ಇಲ್ಲಿಗೆ, ಅದು ಅಲ್ಲಿಗೆ ಅಂತ ಹೇಳಿದ್ರೆ ಆಗೋ ವ್ಯತ್ಯಾಸ ಯಾವ ಪೋಸ್ಟರ್‌ನಿಂದಲೂ ಆಗಲ್ಲ. ಅವರಿಗೆ ಗ್ಲೌಸ್ ಕೊಡಿ, ನೆರಳು ಕೊಡಿ, ಪಾಳಿ ಬದಲಾಯಿಸಿ.

ಪ್ರಶ್ನೆ: ಸ್ಟ್ರಾ ಪೂರ್ತಿ ತೆಗೆದುಬಿಡ್ಬಹುದಾ?

ಸುಮ್ನೆ ಎಲ್ಲರಿಗೂ ಕೊಡೋದು ನಿಲ್ಲಿಸಿ, ಆದ್ರೆ ಕೌಂಟರ್ ಹಿಂದೆ ಒಂದು ಡಬ್ಬಿಯಲ್ಲಿ ಬಾಗೋ ಸ್ಟ್ರಾ ಇಟ್ಟಿರಿ. ಕೈ ನಡುಗೋರು, ನುಂಗೋಕೆ ಕಷ್ಟ ಇರೋರು, ಕೆಲವು ಅಂಗವಿಕಲರಿಗೆ ಅದಿಲ್ಲದೆ ಕುಡಿಯೋಕೇ ಆಗಲ್ಲ. ಕೇಳಿದ್ರೆ ಯಾಕೆ ಅಂತ ವಾಪಸ್ ಪ್ರಶ್ನೆ ಮಾಡದೆ ಕೊಡ್ಬೇಕು.

ಪ್ರಶ್ನೆ: ಕಾನೂನು ಏನು ಹೇಳತ್ತೆ?

ದೇಶ ದೇಶಕ್ಕೆ ಬೇರೆ. ತೆಳು ಪ್ಲಾಸ್ಟಿಕ್ ಚೀಲಕ್ಕೆ 2002ರಲ್ಲೇ ಬಾಂಗ್ಲಾದೇಶ ನಿಷೇಧ ಹಾಕ್ತು. ಯುರೋಪಿಯನ್ ಯೂನಿಯನ್‌ನಲ್ಲಿ 2021ರ ಜುಲೈ 3ರಿಂದ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾ, ಬಲೂನ್ ಕಡ್ಡಿ, ಥರ್ಮೋಕೋಲ್ ತರದ ಊಟದ ಡಬ್ಬಿ ಮಾರುಕಟ್ಟೆಗೆ ಬರೋ ಹಾಗಿಲ್ಲ. ಭಾರತದಲ್ಲಿ 2022ರ ಜುಲೈ 1ರಿಂದ ತಟ್ಟೆ, ಕಪ್, ಚಮಚ, ಸ್ಟ್ರಾ, ಡೆಕೊರೇಷನ್ ಥರ್ಮೋಕೋಲ್, 100 ಮೈಕ್ರಾನ್‌ಗಿಂತ, ಅಂದ್ರೆ 0.1 ಮಿಲಿಮೀಟರ್‌ಗಿಂತ ತೆಳು ಪಿವಿಸಿ ಬ್ಯಾನರ್ ಸೇರಿ ಹಲವು ಐಟಂ ನಿಷೇಧ. ನೀರಿನ ಬಾಟಲಿ ಈ ಪಟ್ಟಿಗಳಲ್ಲಿ ಇಲ್ಲ ಅನ್ನೋದು ಗಮನಿಸಿ, ಅಂದ್ರೆ ಕಾನೂನು ಪಾಲಿಸಿದ ಮೇಲೂ ದೊಡ್ಡ ರಾಶಿ ಹಾಗೇ ಉಳಿಯತ್ತೆ, ಅದನ್ನ ಆರ್ಗನೈಸರ್‌ಗಳೇ ಮನಸ್ಸು ಮಾಡಿ ಇಳಿಸ್ಬೇಕು.

ಪ್ರಶ್ನೆ: ಉಳಿದಿದ್ದನ್ನ ಅಲ್ಲೇ ಸುಟ್ಟುಬಿಟ್ರೆ?

ದಯವಿಟ್ಟು ಬೇಡ. ಬಯಲಲ್ಲಿ ಪಿವಿಸಿ ಸುಟ್ರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್ ಅನ್ನೋ ವಿಷ ಬರತ್ತೆ, ಅದನ್ನ ಮೊದಲು ಉಸಿರಾಡೋದು ಕ್ಲೀನ್ ಮಾಡೋಕೆ ಬಂದ ಕೆಲಸದವರು.

ಪ್ರಶ್ನೆ: ಖರ್ಚು ಜಾಸ್ತಿ ಆಗಲ್ವಾ?

ಮೊದಲ ಸಲ ಸ್ವಲ್ಪ ಆಗಬಹುದು. ಸಾಮಾನು ಕೊಳ್ಳೋ ದುಡ್ಡು ಕಡಿಮೆ ಆಗಿ ಜನಕ್ಕೆ, ತೊಳೆಯೋದಕ್ಕೆ, ಸಾಗಾಟಕ್ಕೆ ಕೊಡೋ ದುಡ್ಡು ಜಾಸ್ತಿ ಆಗತ್ತೆ. ಲೋಟ ತಟ್ಟೆ ಕೊಳ್ಳೋಕೆ ಹೋಗ್ಬೇಡಿ, ಬಾಡಿಗೆಗೆ ತಗೊಳಿ, ಇಲ್ಲಾಂದ್ರೆ ನಾಲ್ಕು ಸಂಘಗಳು ಸೇರಿ ಒಂದೇ ಸೆಟ್ ಇಟ್ಕೊಳಿ. ಹೋಲಿಸುವಾಗ ಕಸ ಎತ್ತೋ, ಸಾಗಿಸೋ ಬಿಲ್ಲನ್ನೂ ಸೇರಿಸಿ ಹೋಲಿಸಿ.

ಪ್ರಶ್ನೆ: ಕಡಿಮೆ ಆಯ್ತೋ ಇಲ್ವೋ ಅಂತ ಗೊತ್ತಾಗೋದು ಹೇಗೆ?

ತೂಗಿ. ಪ್ರತಿ ಚೀಲಕ್ಕೆ ಯಾವ ಬಿನ್‌ದು ಅಂತ ಗುರುತು ಹಾಕಿ ತಕ್ಕಡಿ ಮೇಲಿಟ್ಟು ಬರ್ಕೊಳಿ, ಒಟ್ಟು ತೂಕಾನ ಬಂದ ಜನರ ಸಂಖ್ಯೆಯಿಂದ ಭಾಗಿಸಿದ್ರೆ ತಲೆಗೆ ಎಷ್ಟು ಗ್ರಾಂ ಅಂತ ಸಿಗತ್ತೆ, ಮುಂದಿನ ವರ್ಷ ಜನ ಜಾಸ್ತಿ ಬಂದ್ರೂ ಹೋಲಿಸ್ಬಹುದು. ಥರ್ಮೋಕೋಲ್ ಮಾತ್ರ ಎಣಿಸಿ, ಅದ್ರಲ್ಲಿ ಬಹುಪಾಲು ಗಾಳಿನೇ, ರಾಶಿ ಬಿದ್ರೂ ತೂಕ ತೋರಿಸಲ್ಲ. ಜೊತೆಗೆ ಎಷ್ಟು ಲೋಟ ಕೊಟ್ವಿ, ಎಷ್ಟು ವಾಪಸ್ ಬಂತು, ನಲ್ಲಿ ಕ್ಯೂ ಯಾವ ಹೊತ್ತಲ್ಲಿ ಉದ್ದ ಆಯ್ತು ಅನ್ನೋದನ್ನೂ ಬರೆದಿಡಿ.

ಪ್ರಶ್ನೆ: ನಮ್ಮ ಪ್ರೋಗ್ರಾಮ್‌ಗೆ ಒಂದೇ ವಾರ ಇದೆ, ಈಗ ಏನ್ ಮಾಡೋಕಾಗತ್ತೆ?

ಡೆಪಾಸಿಟ್ ಲೋಟಕ್ಕೆಲ್ಲಾ ಈಗ ಟೈಮ್ ಸಾಲಲ್ಲ, ಕೈ ಹಾಕ್ಬೇಡಿ. ಇವತ್ತೇ ಕೇಟರಿಂಗ್‌ನವರಿಗೆ ಫೋನ್ ಮಾಡಿ ಸ್ಟ್ರಾ, ಮುಚ್ಚಳ, ಪ್ಲಾಸ್ಟಿಕ್ ಚಮಚ ಬೇಡ ಅಂತ ಹೇಳಿ. ಬಾಟಲಿ ಆರ್ಡರ್ ಕ್ಯಾನ್ಸಲ್ ಆಗತ್ತಾ ಕೇಳಿ, ಕ್ಯಾನ್ಸಲ್ ಆದ್ರೆ ಕ್ಯಾನ್ ತರಿಸಿ, ಸ್ಟೇಜ್ ಮೇಲೆ ಕೂರೋರಿಗೂ ಜಗ್ಗು ಲೋಟ ಇಡಿ, ಎಲ್ಲರ ಕಣ್ಣೂ ಅಲ್ಲೇ ಇರತ್ತೆ. ನಿಮ್ಮ ಬಾಟಲಿ ತನ್ನಿ ಅಂತ ಎರಡು ಸಲ ಮೆಸೇಜ್ ಕಳಿಸಿ, ಒಂದು ಈಗ, ಇನ್ನೊಂದು ಪ್ರೋಗ್ರಾಮ್ ದಿನ ಬೆಳಿಗ್ಗೆ, ಮನೆ ಬಿಡೋ ಹೊತ್ತಿಗೆ ಸರಿಯಾಗಿ.